'ಬರೀ ನರ್ಸ್' ಅನ್ನುವ ಮುನ್ನ

ಬಸುರಿಯರ ಆರೈಕೆಯ ಬಗ್ಗೆ ಮಾತಾಡಲು ಚಾರ್ಟರ್ಡ್ ಅಕೌಂಟೆಂಟನ್ನು ಯಾಕೆ ಕರೆದರು ಅಂತ ನಿಮಗೆ ಅನ್ನಿಸಿರಬಹುದು. ಬ್ರಿಟನ್ನಿನಲ್ಲಿ ಸಣ್ಣ ಕಂಪನಿಗಳ ಸಂಬಳದ ಲೆಕ್ಕ ನೋಡುವವನು ನಾನು. ನನ್ನ ಮೇಜಿಗೆ ಮ್ಯಾಟ್-ಬಿ-ಒನ್ ಎಂಬ ಕಾಗದ ಬರುತ್ತಲೇ ಇರುತ್ತದೆ. ಹೆರಿಗೆ ರಜೆಯ ಸಂಬಳಕ್ಕೆ ಅದು ಬೇಕು. ನಾನು ಕಂಡ ಹೆಚ್ಚಿನ ಕಾಗದಗಳಲ್ಲಿ ಸಹಿ ಡಾಕ್ಟರದ್ದಲ್ಲ, ಮಿಡ್‌ವೈಫ್‌ರದ್ದು.

ಊರಿನಿಂದ ಹೊಸದಾಗಿ ಬಂದ ದಂಪತಿಗಳ ದೂರು ಒಂದೇ: "ಸರ್, ಆರು ತಿಂಗಳಾಯ್ತು, ಡಾಕ್ಟರ ಮುಖಾನೇ ನೋಡಿಲ್ಲ. ಬರೀ ನರ್ಸ್ ಬಿಪಿ ನೋಡಿ ಕಳಿಸ್ತಾರೆ." ಬೆಂಗಳೂರಿನ ನರ್ಸಿಂಗ್ ಹೋಮ್ ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಇಲ್ಲಿ ಮಿಡ್‌ವೈಫ್ ಅಂದರೆ ಡಾಕ್ಟರ ಸಹಾಯಕಿಯಲ್ಲ. ಅದು ಪ್ರತ್ಯೇಕ ಪದವಿ, ಪ್ರತ್ಯೇಕ ನೋಂದಣಿ ಇರುವ ವೃತ್ತಿ. ತೊಡಕಿಲ್ಲದ ಬಸಿರಿನ ಹೊಣೆ ಅವರದೇ. ತೊಡಕು ಕಂಡರೆ ಡಾಕ್ಟರ ಬಳಿಗೆ ಕಳಿಸುವವರೂ ಅವರೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಹೆಮ್ಮೆಪಟ್ಟವರು ನಾವು. ಇಲ್ಲಿ ಓದಿ ಬಂದ ಸೂಲಗಿತ್ತಿಯನ್ನು 'ಬರೀ ನರ್ಸ್' ಅನ್ನುತ್ತೇವೆ!

ಆ 'ಬರೀ ಬಿಪಿ'ಯ ವಿಷಯಕ್ಕೆ ಬರೋಣ. 20 ವಾರಗಳ ನಂತರ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಪ್ರಿ-ಎಕ್ಲಾಂಪ್ಸಿಯಾ ಇರಬಹುದು. ಶುರುವಿನಲ್ಲಿ ತಾಯಿಗೆ ಏನೂ ಗೊತ್ತಾಗದೇ ಇರಬಹುದು. ಬಿಟ್ಟರೆ ತಾಯಿಗೆ ಫಿಟ್ಸ್ ಬರುವವರೆಗೂ ಹೋಗುತ್ತದೆ, ಮಗುವಿನ ಬೆಳವಣಿಗೆ ಕುಂಠಿತವಾಗುತ್ತದೆ. 24 ವಾರ ದಾಟಿದ ಮೇಲೆ ಟೇಪು ಹಿಡಿದು ಹೊಟ್ಟೆ ಅಳೆದು ಚಾರ್ಟಿನಲ್ಲಿ ಗುರುತು ಹಾಕುತ್ತಾರೆ. ಇದು ನನಗೆ ಚೆನ್ನಾಗಿ ಅರ್ಥವಾಗುವ ಕೆಲಸ. ಒಂದು ತಿಂಗಳ ಅಂಕಿ ನೋಡಿದರೆ ಏನೂ ತಿಳಿಯದು, ಹಿಂದಿನದರ ಪಕ್ಕದಲ್ಲಿಟ್ಟಾಗಲೇ ಎಲ್ಲಿ ಸೋರುತ್ತಿದೆ ಅಂತ ಕಾಣುವುದು.

ನನ್ನ ಪರಿಚಯದ ಹುಡುಗಿಯೊಬ್ಬಳು ವೃದ್ಧರ ಕೇರ್ ಹೋಮಿನಲ್ಲಿ ಕೆಲಸಕ್ಕಿದ್ದಳು. ಚೊಚ್ಚಲ ಬಸಿರು. ಶಿಫ್ಟಿನ ಸಂಬಳ ಕಡಿತವಾದೀತು, ವೀಸಾಕ್ಕೆ ತೊಂದರೆಯಾದೀತು ಅಂತ ಹೆದರಿ 25 ಮತ್ತು 28ನೇ ವಾರದ ಭೇಟಿಗಳನ್ನು ಬಿಟ್ಟಳು. 31ನೇ ವಾರ ಹೋದಾಗ ಬಿಪಿ ನೋಡಿದ ಮಿಡ್‌ವೈಫ್ ಅವಳನ್ನು ಮನೆಗೆ ಕಳಿಸಲಿಲ್ಲ, ನೇರ ಆಸ್ಪತ್ರೆಗೆ ಕಳಿಸಿದರು. ಅವಧಿಗೆ ಮುಂಚೆ ಹುಟ್ಟಿದ ಮಗು ವಾರಗಟ್ಟಲೆ ಇನ್‌ಕ್ಯುಬೇಟರಿನಲ್ಲಿತ್ತು. ಈಗ ಇಬ್ಬರೂ ಚೆನ್ನಾಗಿದ್ದಾರೆ.

ನನಗೆ ಸಂಕಟವಾಗಿದ್ದು ಬೇರೆ ಕಾರಣಕ್ಕೆ: ಅವಳು ಹೆದರಿದ ಆ ಕಡಿತ ಕಾನೂನಿನಲ್ಲೇ ಇಲ್ಲ. ನೌಕರಿಯ ಮೊದಲ ದಿನದಿಂದಲೇ ಬಸುರಿಗೆ ತಪಾಸಣೆಯ ಹೊತ್ತಿಗೆ, ಹೋಗಿಬರುವ ಸಮಯವೂ ಸೇರಿ, ಸಂಬಳ ಕೊಡಲೇಬೇಕು. ಏಜೆನ್ಸಿ ಮೂಲಕ ಬಂದವರಿಗೆ ಒಂದೇ ಕಡೆ 12 ವಾರ ಆಗಿರಬೇಕು. ಗಂಡನಿಗೂ ಎರಡು ಭೇಟಿಗೆ, ತಲಾ ಆರೂವರೆ ಗಂಟೆಯವರೆಗೆ ರಜೆ ಉಂಟು. ಅದಕ್ಕೆ ಸಂಬಳವಿಲ್ಲ, ಇರಲಿ, ಹೋಗಿ. ಹೆರಿಗೆ ಸಂಬಳ ಪಡೆದರೆ ವೀಸಾಕ್ಕೆ ಧಕ್ಕೆಯಿಲ್ಲ. ಸರ್ಕಾರಿ ನೆರವು ಪಡೆಯಬಾರದೆಂಬ ಷರತ್ತಿನೊಳಗೆ ಅದು ಬರುವುದಿಲ್ಲ.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅನ್ನುವುದು ನಮ್ಮ ಮನೆಗಳ ಪದ್ಧತಿ. ನೆಂಟರಿಗೆ ಹೇಳಬೇಡಿ, ಮಿಡ್‌ವೈಫ್‌ಗೆ ಹೇಳಿ. ಮೊದಲ ಭೇಟಿ 10 ವಾರದೊಳಗೆ ಆಗಬೇಕು. ಥಲಸ್ಸೀಮಿಯಾ ರಕ್ತಪರೀಕ್ಷೆಗೂ ಅದೇ ಸಮಯ. ಏಷ್ಯಾದ ಮೂಲದವರಾದ್ದರಿಂದ 24ರಿಂದ 28ನೇ ವಾರದಲ್ಲಿ ಸಕ್ಕರೆ ಪರೀಕ್ಷೆಗೂ ನಮ್ಮನ್ನು ಕರೆಯುತ್ತಾರೆ. ಅದನ್ನು ಅವಮಾನ ಅಂದುಕೊಂಡವರನ್ನೂ ಕಂಡಿದ್ದೇನೆ.

ಗಂಡಸರಿಗೆ, ಅತ್ತೆಯರಿಗೆ ಇನ್ನೊಂದು ಮಾತು. ಒಮ್ಮೆಯಾದರೂ ಬಸುರಿಯನ್ನು ಒಬ್ಬಳೇ ಕೂರಿಸಿಕೊಂಡು ಮಾತಾಡುವುದು ಇಲ್ಲಿನ ಕ್ರಮ. ಮನೆಯಲ್ಲಿ ಹೇಗಿದೆ, ಮನಸ್ಸು ಹೇಗಿದೆ ಅಂತ ಕೇಳುತ್ತಾರೆ. ಆಗ ಹೊರಗೆ ಕೂತಿರಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದ ದುಭಾಷಿ ಬೇಕೆಂದು ಮೊದಲೇ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮಗುವಿನ ಮಿಸುಕಾಟ ಕಡಿಮೆಯಾಯಿತು ಅನ್ನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ, ಅಮ್ಮನಿಗೆ ಊರಿಗೆ ಫೋನ್ ಮಾಡುತ್ತಾ ಕೂರಬೇಡಿ. ನಡುರಾತ್ರಿಯಾದರೂ ಹೆರಿಗೆ ವಿಭಾಗಕ್ಕೆ ಕರೆ ಮಾಡಿ. ಆ ನಂಬರು ನಿಮ್ಮ ಫೋನಿನಲ್ಲಿರಲಿ, ಗಂಡನ ಫೋನಿನಲ್ಲೂ ಇರಲಿ.