ಇನ್ನೂರು ಯೂನಿಟ್‌ನೊಳಗೆ: ಮನೆಯ ವಿದ್ಯುತ್ ಬಳಕೆಯ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗೃಹಜ್ಯೋತಿ ಯೋಜನೆಯು 2023ರಲ್ಲಿ ಜಾರಿಗೆ ಬಂದ ನಂತರ ಅನೇಕ ಗ್ರಾಮೀಣ ಕುಟುಂಬಗಳು ವಿದ್ಯುತ್ ಬಿಲ್ಲನ್ನು ಗಮನವಿಟ್ಟು ಓದುವುದನ್ನೇ ಬಿಟ್ಟಿವೆ. ಆದರೆ ಈ ಯೋಜನೆಗೆ ಎರಡು ಗಡಿಗಳಿವೆ. ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿ ಪ್ರತಿ ಮನೆಗೆ ನಿಗದಿಯಾದ ಅರ್ಹ ಯೂನಿಟ್ ಮೊದಲನೆಯದು; ಅದನ್ನು ಮೀರಿದರೆ ಹೆಚ್ಚುವರಿ ಬಳಕೆಗಷ್ಟೇ ಶುಲ್ಕ. ತಿಂಗಳಿಗೆ 200 ಯೂನಿಟ್ ಎರಡನೆಯದು; ಅದನ್ನು ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಗ್ರಾಹಕರೇ ಭರಿಸಬೇಕು.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಒಂದು ಮನೆಯ ಅರ್ಹತೆ 175 ಯೂನಿಟ್, ಬಳಕೆ 165 ಯೂನಿಟ್ ಎಂದಿರಲಿ. ಮಗಳು ಬಾಣಂತನಕ್ಕೆ ತವರಿಗೆ ಬರುತ್ತಾಳೆ. ತಾಯಿ-ಮಗುವಿನ ಸ್ನಾನಕ್ಕಾಗಿ 1,500 ವ್ಯಾಟ್‌ನ ಕಾಯಿಲ್ ದಿನಕ್ಕೆ ಒಟ್ಟು ಒಂದು ಗಂಟೆ ಉರಿಯುತ್ತದೆ. ತಿಂಗಳಿಗೆ ಅದೊಂದೇ 45 ಯೂನಿಟ್. ಒಟ್ಟು ಬಳಕೆ 210 ಆಗುತ್ತದೆ. ಖರ್ಚು ಹೆಚ್ಚಿರುವ ಆ ತಿಂಗಳಲ್ಲಿಯೇ 210 ಯೂನಿಟ್‌ಗಳ ಶುಲ್ಕವೂ ಮನೆಯವರ ಮೇಲೆ ಬೀಳುತ್ತದೆ.

ಬಾಣಂತಿಯ ಬಿಸಿನೀರಿನಲ್ಲಿ ಉಳಿತಾಯ ಸಲ್ಲದು. ಉಳಿತಾಯವನ್ನು ಬೇರೆಡೆ ಹುಡುಕಬೇಕು. ಅದೇ ಮನೆಯಲ್ಲಿ 75 ವ್ಯಾಟ್‌ನ ಎರಡು ಹಳೆಯ ಫ್ಯಾನುಗಳು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್ ವ್ಯಯವಾಗುತ್ತದೆ. ಅವುಗಳ ಬದಲಿಗೆ ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನುಗಳಿದ್ದರೆ ಸುಮಾರು 22 ಯೂನಿಟ್ ಸಾಕು. ಆಗ ಒಟ್ಟು ಬಳಕೆ 178ಕ್ಕೆ ಇಳಿಯುತ್ತದೆ. ಶುಲ್ಕ ಬೀಳುವುದು ಕೇವಲ 3 ಯೂನಿಟ್‌ಗೆ.

ಉಳಿದ ಕ್ರಮಗಳೂ ಸರಳವಾದವು. 60 ವ್ಯಾಟ್‌ನ ಹಳೆಯ ಬಲ್ಬ್ ನೀಡುವ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ನೀಡಬಲ್ಲದು. ಫ್ಯಾನಿನ ಹಳೆಯ ದಪ್ಪ ರೆಗ್ಯುಲೇಟರ್ ವೇಗವನ್ನು ತಗ್ಗಿಸಿದರೂ ವಿದ್ಯುತ್ತಿನ ಒಂದು ಭಾಗವನ್ನು ಶಾಖವಾಗಿ ಕಳೆಯುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ಈ ನಷ್ಟ ಅತ್ಯಲ್ಪ. ಫ್ರಿಜ್ ಖರೀದಿಸುವಾಗ ನಕ್ಷತ್ರಗಳ ಸಂಖ್ಯೆಯ ಜೊತೆಗೆ ಪಟ್ಟಿಯ ಮೇಲೆ ಮುದ್ರಿತವಾದ ವಾರ್ಷಿಕ ಯೂನಿಟ್‌ಗಳನ್ನೂ ನೋಡಬೇಕು. ಬಿಸಿಲು ಚೆನ್ನಾಗಿ ಬೀಳುವ ಮಾಳಿಗೆಯಿದ್ದವರಿಗೆ ಸೋಲಾರ್ ವಾಟರ್ ಹೀಟರ್ ವರ್ಷದ ಬಹುಪಾಲು ದಿನ ಕಾಯಿಲಿನ ಅಗತ್ಯವನ್ನೇ ತಪ್ಪಿಸುತ್ತದೆ.

ವಸತಿ ಯೋಜನೆಗಳ ಫಲಾನುಭವಿಗಳಿಗೆ ಈ ತಿಳಿವಳಿಕೆ ತಳಪಾಯ ಹಾಕುವ ಮೊದಲೇ ದೊರೆಯಬೇಕು. ಎದುರುಬದುರು ಕಿಟಕಿಗಳಿದ್ದರೆ ಗಾಳಿಯಾಡುತ್ತದೆ. ಮಾಳಿಗೆಗೆ ಬಿಳಿ ಸುಣ್ಣ ಬಳಿದರೆ ಬೇಸಿಗೆಯ ಕಾವು ತಗ್ಗುತ್ತದೆ. ಗೋಡೆ ಎದ್ದ ಮೇಲೆ ಕಿಟಕಿಯ ಸ್ಥಾನ ಬದಲಿಸುವುದು ದುಬಾರಿ.

ಸದಸ್ಯರು ಮುಂದಿನ ವಾರ್ಡ್ ಸಭೆಗೆ ಪ್ರತಿ ಮನೆಯವರೂ ಕಳೆದ ಮೂರು ತಿಂಗಳ ಬಿಲ್ಲುಗಳನ್ನು ತರುವಂತೆ ತಿಳಿಸಬಹುದು. ಅರ್ಹ ಯೂನಿಟ್ ಎಷ್ಟು, ಬಳಸಿದ ಯೂನಿಟ್ ಎಷ್ಟು, 200ಕ್ಕೆ ಇನ್ನೆಷ್ಟು ಅಂತರವಿದೆ ಎಂಬ ಮೂರು ಅಂಶಗಳನ್ನು ಜೊತೆಗೆ ಕುಳಿತು ಓದಿದರೆ ಸಾಕು. 170 ದಾಟಿರುವ ಮನೆಗಳಿಗೆ ಮೊದಲ ಆದ್ಯತೆ ನೀಡುವುದು ಸೂಕ್ತ. ಹೊಡೆತ ಬೀಳುವ ಮುನ್ನ ಎಚ್ಚರಿಸಬೇಕಾದ ಮನೆಗಳು ಅವೇ.