ಗುಡ್ಡ ನೋಡಲು ಬಂದವರು, ಊಟಕ್ಕೆ ಕೂತವರು

(ಸುವರ್ಣ ಮಹೋತ್ಸವದ ಅಂಗವಾಗಿ ಜರಗಿದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ನನಗೆ ಕೊಟ್ಟ ವಿಷಯ 'ನಮ್ಮ ಊರು ಮತ್ತು ಪ್ರವಾಸ'. ನಾನು ಪ್ರವಾಸೋದ್ಯಮ ಬಲ್ಲವನಲ್ಲ. ಬೆಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಬಂದವ. ಆದರೆ ಆ ಮೂವತ್ತು ವರ್ಷಗಳಲ್ಲಿ "ನಿಮ್ಮ ಕಡೆ ಗುಡ್ಡಗಾಡು ಚೆನ್ನಾಗಿದೆಯಂತೆ, ಊಟ ಚೆನ್ನಾಗಿದೆಯಂತೆ" ಎಂದು ಹೇಳಿ ನನ್ನ ಬೆನ್ನು ಹತ್ತಿ ಊರಿಗೆ ಬಂದವರ ಸಂಖ್ಯೆ ಸಣ್ಣದಲ್ಲ. ಅವರನ್ನೆಲ್ಲ ಸುತ್ತಾಡಿಸಿದ ಅನುಭವವೊಂದೇ ನನ್ನ ಬಂಡವಾಳ.

ನಾವು ಈ ಶಾಲೆಯ ಮೊದಲ ತಂಡದವರು. ಆಗ ಎರಡೇ ಕೋಣೆ. ಎಂಟನೆಯ ತರಗತಿಯ ಕಿಟಿಕಿಯಲ್ಲಿ ನೋಡಿದರೆ ಗಡಾಯಿಕಲ್ಲು ಕಾಣುತ್ತಿತ್ತು. ಒಂದು ದಿನ ಡ್ರಾಯಿಂಗ್ ಪಿರಿಯಡಿನಲ್ಲಿ ಮಾಸ್ತರರು "ಒಂದು ಪರ್ವತದ ಚಿತ್ರ ಬಿಡಿಸಿ" ಅಂದರು. ಮೂವತ್ತೆಂಟು ಮಂದಿ ಮಕ್ಕಳೂ ಎರಡು ತ್ರಿಕೋನ ಬರೆದು, ನಡುವೆ ಅರ್ಧ ಸೂರ್ಯನನ್ನು ಇಟ್ಟು, ತುದಿಗೆ ಹಿಮ ಬಳಿದೆವು. ಬೋರಲು ಹಾಕಿದ ಹಂಡೆಯಂತೆ ಕಿಟಿಕಿಯ ಹೊರಗೇ ಕೂತಿದ್ದ ಕಲ್ಲನ್ನು ಒಬ್ಬನೂ ಬರೆಯಲಿಲ್ಲ. ಅದು ನಮಗೆ ಪರ್ವತವಾಗಿರಲಿಲ್ಲ, ದನ ತಪ್ಪಿಸಿಕೊಂಡರೆ ಹುಡುಕಿಕೊಂಡು ಹೋಗುವ ದಿಕ್ಕು, ಅಷ್ಟೆ. ಟಿಪ್ಪು ಸುಲ್ತಾನ 1794ರಲ್ಲಿ ಅದರ ಮೇಲೆ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ ಎನ್ನುವುದು ನನಗೆ ಗೊತ್ತಾದದ್ದು ಬೆಂಗಳೂರಿಗೆ ಹೋದ ಮೇಲೆ, ಅದೂ ಪುಸ್ತಕದಿಂದ.

ಇರಲಿ. ಕಳೆದ ಆಟಿ ತಿಂಗಳಲ್ಲಿ ಬಂದವರ ಕಥೆ ಹೇಳುತ್ತೇನೆ. ನನ್ನ ಹಳೆಯ ಸಹೋದ್ಯೋಗಿ, ಅವರ ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಕೋಲಾರ ಕಡೆಯ ಎಂಬತ್ತು ದಾಟಿದ ಅವರ ತಾಯಿ, ಹೀಗೆ ನಾಲ್ಕು ಜನ. ರೈಲಿನಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಕಾರಿನಲ್ಲಿ ಮೂಡುಬಿದಿರೆ.

ಸಾವಿರ ಕಂಬದ ಬಸದಿ ಕಟ್ಟಿದ್ದು 1430ರಲ್ಲಿ. ಹೊರಗಿನಿಂದ ಬಂದವರು ಅದರ ಕಂಬ ಎಣಿಸಲು ಹೊರಡುತ್ತಾರೆ. ನಾನು ಯಾವಾಗಲೂ ಮಾಡು ನೋಡಿ ಎಂದು ಹೇಳುತ್ತೇನೆ. ಒಂದರ ಮೇಲೊಂದು ಇಳಿಜಾರು ಮಾಡು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ವಾಸ್ತುಶಿಲ್ಪದ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ನನಿಗೆ ಈ ಕಟ್ಟಡಗಳು ಹಿಮಾಲಯದ ಮಡಿಲಿನ ನೇಪಾಳದ ಕಟ್ಟಡಗಳಂತೆ ಕಂಡವು. ಅಷ್ಟು ದೂರದ ಸಂಬಂಧ ಹೇಗೆ ಬಂತು ಎಂದು ವಿದ್ವಾಂಸರು ಚರ್ಚೆ ಮಾಡಲಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮಾಡು ಇನ್ನು ಹೇಗೆ ಇರಬೇಕು ಮಾರಾಯ್ರೆ! ನಮ್ಮ ದನದ ಹಟ್ಟಿಯದೂ ಅದೇ ಮಾಡು.

ವೇಣೂರಿನಲ್ಲಿ 1604ರಲ್ಲಿ ಅಜಿಲರು ನಿಲ್ಲಿಸಿದ ಮೂವತ್ತೈದು ಅಡಿಯ ಗೊಮ್ಮಟನನ್ನು ಕೊಡೆ ಹಿಡಿದುಕೊಂಡೇ ನೋಡಿ ಬೆಳ್ತಂಗಡಿಗೆ ಬಂದೆವು. ಗಡಾಯಿಕಲ್ಲು ತೋರಿಸಲು ಕಾರು ನಿಲ್ಲಿಸಿದೆ. ಮೋಡ. ಬರೀ ಮೋಡ. ಬೆರಳು ತೋರಿಸಿ "ಅಲ್ಲಿ ಉಂಟು" ಅಂದೆ. ನಂಬಿದರೋ ಇಲ್ಲವೋ. ಹತ್ತಬಹುದಾ ಎಂದು ಹುಡುಗಿ ಕೇಳಿದಳು. ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ, ಮಳೆಗಾಲದಲ್ಲಿ ಆ ಮಾತೇ ಬೇಡ ಅಂದೆ. ಚಾರ್ಮಾಡಿ ಘಾಟಿಯಲ್ಲಿ ಮಾತ್ರ ಅವರಿಗೆ ಖುಷಿಯಾಯಿತು. ರಸ್ತೆ ಬದಿಯಲ್ಲೇ ಬೀಳುವ ನೀರು, ಮಂಜು, ಕಾರು ನಿಲ್ಲಿಸಿ ಬಂಡೆ ಹತ್ತಿ ಕುಣಿಯುವ ಹುಡುಗರು. ಇವರೂ ಇಳಿಯಲು ಹೊರಟರು. ನಾನು ಬಾಗಿಲು ತೆಗೆಯಲು ಬಿಡಲಿಲ್ಲ. ಆ ನೀರಿನ ಜೊತೆ ಕಲ್ಲೂ ಬರುತ್ತದೆ.

2019ರ ಆಗಸ್ಟಿನಲ್ಲಿ ಇದೇ ಗುಡ್ಡ ಅಲ್ಲಲ್ಲಿ ಜರಿದದ್ದು ನಿಮಗೆಲ್ಲ ನೆನಪಿದೆ. ಘಾಟಿ ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಮೃತ್ಯುಂಜಯ ಹೊಳೆಯಲ್ಲಿ ಬಂದ ಮರದ ದಿಮ್ಮಿ, ಮರಳು, ಕೆಸರು ಎಲ್ಲ ತೋಟಗಳ ಮೇಲೆ ಕೂತಿತು. ಈ ಸಭೆಯಲ್ಲೇ ಇದ್ದಾರೆ, ಸೊಂಟದೆತ್ತರ ಮರಳು ತುಂಬಿದ ಅಡಿಕೆ ತೋಟವನ್ನು ಬುಟ್ಟಿಯಲ್ಲಿ ಖಾಲಿ ಮಾಡಿದವರು. ಬಂದವರು "ಎಷ್ಟು ಚಂದ" ಎಂದು ನೋಡುವ ಬೋಳು ಇಳಿಜಾರುಗಳಲ್ಲಿ ಕೆಲವು ಆ ವರ್ಷದ ಗಾಯಗಳು. ಹುಡುಗಿಗೆ ಅದನ್ನು ತೋರಿಸಿದೆ. ಅವಳು ಫೋಟೋ ತೆಗೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

ಇನ್ನು ಊಟದ ವಿಷಯ. ನಾನು ಮಾತಾಡಲು ಒಪ್ಪಿದ್ದೇ ಇದಕ್ಕಾಗಿ.

ಮೊದಲೇ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದ್ದೆ: "ಅವರಿಗೆ ಆಟಿಯ ಅಡಿಗೆಯೇ ಬೇಕಂತೆ. ತಜಂಕ್, ಕಣಿಲೆ, ಪತ್ರೊಡೆ." ಚಿಕ್ಕಮ್ಮನಿಗೆ ಸಿಟ್ಟು ಬಂತು. "ನಿನಗೆ ತಲೆ ಸರಿ ಉಂಟಾ? ಅಷ್ಟು ದೂರದಿಂದ ಬಂದವರಿಗೆ ತಜಂಕ್ ಬಡಿಸುವುದಾ? ಊರಿನವರು ಕೇಳಿದರೆ ಏನು ಹೇಳಿಯಾರು? ಕೋಳಿ ಉಂಟು, ರೊಟ್ಟಿ ಉಂಟು. ಕೋಳಿ ಆಗದಿದ್ದರೆ ಪಾಯಸ ಮಾಡ್ತೇನೆ."

ಆ ಸಿಟ್ಟಿನ ಅರ್ಥ ಇಂದಿನ ಮಕ್ಕಳಿಗೆ ತಿಳಿಯಬೇಕು. ನಮ್ಮ ಮನೆಯವರು ಗೇಣಿ ಒಕ್ಕಲು. ಸುಗ್ಗಿಯಲ್ಲಿ ಧನಿಗಳಿಗೆ ಅಕ್ಕಿ ಅಳೆದು ಕೊಟ್ಟು ಉಳಿದದ್ದರಲ್ಲಿ ವರ್ಷ ತಳ್ಳಬೇಕು. ಆಟಿ ಬರುವಾಗ ಅಕ್ಕಿಮುಡಿ ಮುಗಿದಿರುತ್ತಿತ್ತು. ಹೊರಗೆ ಕೆಲಸವಿಲ್ಲ, ಹೊಳೆ ದಾಟಿ ಪೇಟೆಗೆ ಹೋಗುವ ಹಾಗಿಲ್ಲ. ಆಗ ಗುಡ್ಡೆ ಕೊಟ್ಟದ್ದನ್ನು ತಿಂದೆವು. ಮೊದಲ ಮಳೆಗೆ ದಾರಿ ಬದಿಯಲ್ಲಿ ತಾನಾಗಿ ಹುಟ್ಟುವ ತಜಂಕ್, ಅಂದರೆ ಚಗಟೆ ಸೊಪ್ಪು. ಬೇಸಗೆಯಲ್ಲೇ ಭರಣಿಯಲ್ಲಿ ಉಪ್ಪು ಹಾಕಿ ಇಟ್ಟ ಹಲಸಿನ ಸೊಳೆ. ಮಣ್ಣು ಮೆತ್ತಿ ಕಾಪಾಡಿದ ಹಲಸಿನ ಬೀಜ. ಬಿದಿರು ಮೆಳೆಯ ಎಳೆ ಮೊಳಕೆ, ಅದೇ ಕಣಿಲೆ. ಹುರುಳಿ ಸಾರು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ಗದ್ದೆ ನಮ್ಮ ಹೆಸರಿಗೆ ಬಂದ ಮೇಲೆ ಚಿಕ್ಕಮ್ಮ ಮಾಡಿದ ಮೊದಲ ಕೆಲಸ ಆಟಿಯಲ್ಲೂ ಎರಡು ಹೊತ್ತು ಅನ್ನ ಬೇಯಿಸಿದ್ದು. ಅಂಥವರ ಹತ್ತಿರ ಹೋಗಿ "ಸಾಂಪ್ರದಾಯಿಕ ಆಹಾರ ಮಾಡಿ" ಎಂದರೆ ಅವರಿಗೆ ಹೇಗಾಗಬೇಡ?

ಕೊನೆಗೆ ರಾಜಿಯಾಯಿತು. ಪಾಯಸವೂ ಆಗಬೇಕು, ತಜಂಕೂ ಇರಲಿ ಎಂದು.

ನಾವು ಹೋದಾಗ ಚಿಕ್ಕಮ್ಮ ಬೆಲ್ಲ ನೀರು ಕೊಟ್ಟು, "ಮಳೆಗೆ ಯಾಕೆ ಬಂದ್ರಿ, ಮಾವಿನ ಹಣ್ಣಿಗೆ ಬರಬೇಕಿತ್ತು" ಎಂದು ಪ್ರೀತಿಯಿಂದಲೇ ಗದರಿದರು. ಕಣಿಲೆ ಮೂರು ದಿನದ ಹಿಂದೆಯೇ ಹೆಚ್ಚಿ ನೀರಿನಲ್ಲಿ ಹಾಕಿಟ್ಟಿದ್ದರು. ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಬೇಕು, ಇಲ್ಲದಿದ್ದರೆ ಅದರ ವಿಷ ಹೋಗುವುದಿಲ್ಲ. ಪತ್ರೊಡೆಯ ಕೆಸುವಿನ ಎಲೆಗೂ ಹಾಗೆಯೇ, ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ನೆನೆಸಿದ ಅಕ್ಕಿ, ತೆಂಗಿನ ತುರಿ, ಹುರಿದ ಮೆಣಸು, ಕೊತ್ತಂಬರಿ, ಹುಣಸೆ ಹುಳಿ, ಒಂದು ತುಂಡು ಬೆಲ್ಲ, ಎಲ್ಲ ಸೇರಿಸಿ ಕಡೆದ ಹಿಟ್ಟನ್ನು ಎಲೆಗೆ ಸವರಿ, ಎಲೆಯ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಯಾವ ಕೆಸು ಆಗುತ್ತದೆ, ಯಾವುದು ಆಗುವುದಿಲ್ಲ ಎನ್ನುವುದನ್ನು ಚಿಕ್ಕಮ್ಮ ದಂಟು ಮುಟ್ಟಿ ಹೇಳುತ್ತಾರೆ. ನನಗೆ ಈಗಲೂ ಬರುವುದಿಲ್ಲ.

ಊಟಕ್ಕೆ ಕೂತಾಗ ಕೋಲಾರದ ಅಮ್ಮ ತಜಂಕ್ ಪಲ್ಯವನ್ನು ಒಂದು ತುತ್ತು ತಿಂದು ಕೈ ನಿಲ್ಲಿಸಿದರು. ಚಿಕ್ಕಮ್ಮ ನನ್ನ ಮುಖ ನೋಡಿದರು, 'ನಾನು ಹೇಳಲಿಲ್ಲವಾ' ಎನ್ನುವ ಹಾಗೆ. ಆ ಅಮ್ಮ ಕೇಳಿದರು, "ಇದನ್ನ ಹೊಲದಲ್ಲಿ ಬೆಳೀತೀರೇನಮ್ಮ?" "ಇಲ್ಲ ಅಮ್ಮ, ದಾರಿ ಬದಿಯದ್ದು." "ನಮ್ಮ ಕಡೆ ಬೆರಕೆ ಸೊಪ್ಪು ಅಂತೀವಿ. ಮಳೆ ಹೋದ ವರ್ಷ ರಾಗಿ ಇರ್ತಿರಲಿಲ್ಲ, ಬದುವಿನ ಮೇಲೆ ಸಿಕ್ಕಿದ್ದೆಲ್ಲ ಕಿತ್ತು ಬೇಯಿಸ್ತಿದ್ದೆವು." ಅವರಿಗೆ ಮಳೆ ಬಾರದೆ ಹಸಿವು, ನಮಗೆ ಮಳೆ ಬಂದು ಹಸಿವು. ಆಮೇಲೆ ಇಬ್ಬರೂ ಮುದುಕಿಯರು ಮಾತಿಗೆ ಕೂತದ್ದು ದೀಪ ಹಚ್ಚುವವರೆಗೆ. ನಮ್ಮನ್ನು ಕೇಳುವವರೇ ಇರಲಿಲ್ಲ. ತಜಂಕಿನ ಪಾತ್ರೆ ಖಾಲಿಯಾಗಿ ಪಾಯಸ ಉಳಿಯಿತು.

ಹುಡುಗಿ ಮಾತ್ರ ಒಂದೊಂದು ಎಲೆಯ ಫೋಟೋ ತೆಗೆದು ಹೆಸರು ಬರೆದುಕೊಂಡಳು. "ಪಾಲೆ ಮರ ಎಲ್ಲಿದೆ? ಆಟಿ ಅಮಾವಾಸ್ಯೆ ದಿನ ಕಷಾಯ ಕುಡಿತೀರಂತಲ್ಲ, ತೊಗಟೆ ತಗೊಂಡು ಹೋಗಿ ನಾವೂ ಮಾಡ್ತೀವಿ" ಅಂದಳು. ಚಿಕ್ಕಮ್ಮ ಎದ್ದು ನಿಂತರು. "ಬೇಡ ಮಗಾ. ಅದೊಂದನ್ನು ಮಾತ್ರ ಫೋಟೋ ನೋಡಿ ಮಾಡಬೇಡ." ಆಮೇಲೆ ನನ್ನ ಕಥೆ ಹೇಳಿದರು. ಅದನ್ನು ಇಲ್ಲಿ ನಾನೇ ಹೇಳುತ್ತೇನೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದೆ, ಇದೇ ಶಾಲೆ. ಆಟಿ ಅಮಾವಾಸ್ಯೆಗೆ ತೊಗಟೆ ತರುವುದು ಅಜ್ಜನ ಕೆಲಸ. ಆ ವರ್ಷ ಅವರಿಗೆ ಜ್ವರ, ನನ್ನನ್ನು ಕಳುಹಿಸಿದರು. ನಿಯಮ ನಿಮಗೆ ಗೊತ್ತುಂಟು: ಸೂರ್ಯ ಹುಟ್ಟುವ ಮೊದಲು ಹೋಗಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಹಿಂದಿನ ಸಂಜೆ ಮರಕ್ಕೆ ಬಳ್ಳಿ ಕಟ್ಟಿ ಗುರುತು ಮಾಡಿ ಬಂದಿದ್ದೆ. ರಾತ್ರಿಯ ಗಾಳಿಗೆ ಬಳ್ಳಿ ಹೋಗಿತ್ತು. ಕತ್ತಲೆ, ಜಡಿಮಳೆ, ಭಯ ಬೇರೆ. ಕೈಗೆ ಸಿಕ್ಕಿದ ಮರದ ತೊಗಟೆ ಜಜ್ಜಿ ತಂದೆ. ಅಜ್ಜಿ ಚಿಮಿಣಿ ದೀಪದ ಹತ್ತಿರ ಹಿಡಿದು ನೋಡಿದರು. ಉಗುರಿನಲ್ಲಿ ಗೀರಿದರು. "ಹಾಲು ಎಲ್ಲಿ?" ಅಂದರು. ನಾನು ತಂದದ್ದು ಕಾಸರಕ.

ಅಜ್ಜಿ ಬಯ್ಯಲಿಲ್ಲ. ತೊಗಟೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ನನ್ನ ಕೈಯನ್ನು ಬೂದಿ ಹಾಕಿ ಮೂರು ಸಲ ತೊಳೆಸಿದರು. ಮತ್ತೆ ತಾವೇ ನನ್ನ ಜೊತೆ ಬಂದರು. ಆ ದಿನ ಮನೆಯಲ್ಲಿ ಹನ್ನೊಂದು ಜನ ಇದ್ದೆವು.

ಮಕ್ಕಳೇ, ಕಾಸರಕದಲ್ಲಿ ಇರುವುದು ಸ್ಟ್ರಿಕ್ನಿನ್ ಎಂಬ ವಿಷ. ಮೈ ಸೆಟೆದು ಉಸಿರು ನಿಲ್ಲುತ್ತದೆ. ಪಾಲೆಯೂ ಕಹಿ, ಕಾಸರಕವೂ ಕಹಿ. ಆದ್ದರಿಂದ ರುಚಿ ನೋಡಿ ತಿಳಿಯುತ್ತೇನೆ ಎನ್ನುವುದು ಹುಚ್ಚು. ಪಾಲೆಯ ಎಲೆಗಳು ಒಂದೇ ಗಂಟಿನಲ್ಲಿ ಐದೋ ಏಳೋ ಸುತ್ತ ಕೊಡೆಯಂತೆ ಇರುತ್ತವೆ, ಅದಕ್ಕೇ ಸಪ್ತಪರ್ಣಿ ಎಂದು ಹೆಸರು. ಗೀರಿದರೆ ಬಿಳಿ ಹಾಲು. ಕಾಸರಕಕ್ಕೆ ಹಾಲಿಲ್ಲ. ಅದರ ಎಲೆ ಎದುರುಬದುರು ಎರಡೆರಡು, ಹೊಳಪು, ಬುಡದಿಂದಲೇ ಮೂರೋ ಐದೋ ನರ ಹೊರಡುತ್ತವೆ. ಹಗಲಿನಲ್ಲಿ ಇಷ್ಟು ಸುಲಭ. ನಸುಕಿನಲ್ಲಿ ಎಲೆ ಎಲ್ಲಿ ಕಾಣುತ್ತದೆ? ಬುಡ ಮಾತ್ರ ಕೈಗೆ ಸಿಗುವುದು. ತಪ್ಪಿ ಕಾಸರಕದ ಕಷಾಯ ಕುಡಿದವರ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿದ್ದೇವೆ. ಅಜ್ಜಿಯಂಥವರು ಇಲ್ಲದ ಮನೆಗಳು ಈಗ ಹೆಚ್ಚು.

ಇತ್ತೀಚೆಗೆ ಎಲ್ಲ ಕಡೆ 'ಆಟಿಡೊಂಜಿ ದಿನ' ನಡೆಯುತ್ತದೆ. ಮೂವತ್ತು ಬಗೆಯ ತಿಂಡಿ ಸಾಲಾಗಿ ಇಡುತ್ತಾರೆ, ಭಾಷಣ ಉಂಟು, ಸೆಲ್ಫಿ ಉಂಟು. ನಾನು ಅದರ ವಿರೋಧಿಯಲ್ಲ, ನಾನೂ ಹೋಗಿ ತಿಂದವನೇ. ಆದರೆ ತಿಂಡಿಯ ಎದುರು ಹೆಸರಿನ ಚೀಟಿ ಇಡುವಾಗ ಆ ಸೊಪ್ಪಿನ ಒಂದು ಗಿಡವನ್ನು ಬೇರು ಸಹಿತ ಇಟ್ಟವರನ್ನು ನಾನು ಕಂಡಿಲ್ಲ. ಬೆಳ್ತಂಗಡಿಯ ಹೋಂ ಸ್ಟೇಗಳಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಬಂದವರಿಗೆ ಬಡಿಸುವುದನ್ನು ಕಲಿತಿದ್ದೀರಿ, ಕೊಯ್ಯುವುದನ್ನೂ ಕಲಿಯಿರಿ.

ನೆಂಟರನ್ನು ಪುಂಜಾಲಕಟ್ಟೆ ದಾರಿಯಲ್ಲಿ ಬಂಟ್ವಾಳಕ್ಕೆ ಕರೆದುಕೊಂಡು ಹೋದೆ. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. 1974ರ ನೆರೆಯಲ್ಲಿ ಈ ಪೇಟೆ ಮುಳುಗಿದ್ದನ್ನು ಹೇಳಿದೆ. ಚಾರ್ಮಾಡಿಯಲ್ಲಿ ಹನಿಯಾಗಿ ಕಂಡ ನೀರೇ ಇದು ಎಂದಾಗ ಕೋಲಾರದ ಅಮ್ಮ ಕಾರಿನೊಳಗಿಂದಲೇ ಹೊಳೆಗೆ ಕೈ ಮುಗಿದರು. ಅವರ ಮಡಿಲಲ್ಲಿ ಚಿಕ್ಕಮ್ಮ ಕೊಟ್ಟ ಹಲಸಿನ ಹಪ್ಪಳದ ಕಟ್ಟು ಇತ್ತು, ಮತ್ತು ಒಂದು ಹಿಡಿ ತಜಂಕಿನ ಬೀಜ. ಕೋಲಾರದಲ್ಲಿ ಅದೂ ಇದೆಯೋ ಏನೋ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ಮುಖ್ಯವಾಗಿರಲಿಲ್ಲ.

ಸಮಯವಾಯಿತು ಎಂದು ನಿರೂಪಕರು ಚೀಟಿ ಕಳುಹಿಸಿದ್ದಾರೆ. ಒಂದೇ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಶಾಲೆಯ ಬಾವಿಯ ಹಿಂದೆ, ಕಂಪೌಂಡಿನ ಮೂಲೆಯಲ್ಲಿ ಪಾಲೆ ಉಂಟು. ಬೆಳಿಗ್ಗೆ ಗೇಟಿನಲ್ಲಿ ಘಾಟು ವಾಸನೆ ಬಂತಲ್ಲ, ಅದರ ಹೂವಿನದ್ದೇ. ಅಲ್ಲಿಂದ ಇಪ್ಪತ್ತು ಹೆಜ್ಜೆ ಗುಡ್ಡೆಯ ಕಡೆ ಹೋದರೆ ಕಾಸರಕವೂ ಉಂಟು, ಈಗ ಕಿತ್ತಳೆ ಬಣ್ಣದ ಕಾಯಿ ಬಿಟ್ಟಿದೆ. ಚಿಕ್ಕಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಅವರ ಹತ್ತಿರ ಮಾತಾಡಿದ್ದೇನೆ. ಎಂಟು, ಒಂಬತ್ತನೆಯ ತರಗತಿಯವರು ಊಟವಾದ ಕೂಡಲೇ ಬಾವಿಯ ಹತ್ತಿರ ಬನ್ನಿ. ಕಾಲಿಗೆ ಚಪ್ಪಲಿ ಇರಲಿ, ಅಲ್ಲಿ ಮುಳ್ಳು ಉಂಟು.