ಗ್ಯಾಸ್ ಅಲ್ಲ, ಟೆನ್ಷನ್ನೂ ಅಲ್ಲ

ಆರೋಗ್ಯದ ಬಗ್ಗೆ ಏನಾದರೂ ಹೇಳಿ ಎಂದು ವೇದಿಕೆಯವರು ಕೇಳಿದಾಗ, ನನಗೇ ಬಂದ ಕಾಯಿಲೆಯ ಬಗ್ಗೆ ಹೇಳುತ್ತೇನೆ ಎಂದೆ. ಅದರ ಹೆಸರು ಇಯೋಸಿನೋಫಿಲಿಕ್ ಗ್ಯಾಸ್ಟ್ರೋಎಂಟರೈಟಿಸ್. ಹೆಸರು ಬಾಯಿಗೆ ಬರಲು ನನಗೇ ಒಂದು ವಾರ ಬೇಕಾಯಿತು!

ಇಯೋಸಿನೋಫಿಲ್ ಎಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಅಲರ್ಜಿಯಾದಾಗ, ಹೊಟ್ಟೆಯಲ್ಲಿ ಹುಳುವಿದ್ದಾಗ ಹೆಚ್ಚುತ್ತದೆ. ಈ ಕಾಯಿಲೆಯಲ್ಲಿ ಹುಳುವಿನಂಥ ಕಾರಣವಿಲ್ಲದೆಯೇ ಈ ಕಣಗಳು ಜಠರ, ಕರುಳಿನ ಗೋಡೆಯಲ್ಲಿ ಸೇರಿಕೊಂಡು ಉರಿಯೂತ ತರುತ್ತವೆ. ಒಳಪದರದಲ್ಲಾದರೆ ನೋವು, ವಾಂತಿ, ಭೇದಿ. ಸ್ನಾಯುಪದರದಲ್ಲಾದರೆ ಕರುಳು ಕಟ್ಟಿಕೊಳ್ಳಬಹುದು. ಹೊರಪದರದಲ್ಲಾದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ವೈದ್ಯರಿಗೆ ಇದು 1937ರಿಂದ ಗೊತ್ತಿದೆ, ಆದರೆ ಅಪರೂಪವಾದ್ದರಿಂದ ಬೇಗ ನೆನಪಿಗೆ ಬರುವುದಿಲ್ಲ.

ನೋಯ್ಡಾದಲ್ಲಿ ನಾನು ಎಂಟು ತಿಂಗಳು ಗ್ಯಾಸ್ ಮಾತ್ರೆ ನುಂಗಿದೆ. 'ಟೆನ್ಷನ್ ಮತ್ ಲೀಜಿಯೇ' ಎಂದರು. ಹೆಂಗಸರ ಹೊಟ್ಟೆನೋವಿಗೆ ಈ ಔಷಧಿ ಎಲ್ಲರ ಬಳಿಯೂ ಇರುತ್ತದೆ. ಎಂಡೋಸ್ಕೋಪಿ ನಾರ್ಮಲ್ ಎಂದು ಬಂತು, ಬಯಾಪ್ಸಿ ತೆಗೆದಿರಲಿಲ್ಲ. ಆಮೇಲೆ ಹೊಟ್ಟೆ ಉಬ್ಬಿತು, ಸ್ಕ್ಯಾನ್‌ನಲ್ಲಿ ನೀರು ಕಂಡಿತು. ನಮ್ಮ ದೇಶದಲ್ಲಿ ಹಾಗೆ ಕಂಡರೆ ಟಿಬಿ ಅನುಮಾನ ಬರುವುದು ಸಹಜವೇ. ತಿಂಗಳುಗಟ್ಟಲೆ ಟಿಬಿ ಮಾತ್ರೆ ಶುರುವಾಗುವುದರಲ್ಲಿತ್ತು.

ಅಷ್ಟರಲ್ಲಿ ಇನ್ನೊಬ್ಬ ವೈದ್ಯೆಯ ಬಳಿ ಹೋದೆವು. ಅವರು ನನ್ನ ಹಳೆಯ ಫೈಲನ್ನು ಮೊದಲಿಂದ ಓದಿದರು. ಸಾಮಾನ್ಯವಾಗಿ ಶೇ. 6ರೊಳಗೆ ಇರಬೇಕಾದ ಇಯೋಸಿನೋಫಿಲ್ ನನ್ನ ರಕ್ತದಲ್ಲಿ ಶೇ. 28 ಇತ್ತು. ಮೂರು ರಿಪೋರ್ಟ್‌ಗಳಲ್ಲೂ! ಮಲ ಪರೀಕ್ಷೆ ಮಾಡಿಸಿ ಹುಳುವಿಲ್ಲವೆಂದು ಖಚಿತಪಡಿಸಿಕೊಂಡರು. ಹೊಟ್ಟೆಯ ನೀರು ತೆಗೆಸಿದರು. ಅದರಲ್ಲಿ ಟಿಬಿ ಸುಳಿವಿರಲಿಲ್ಲ, ಇಯೋಸಿನೋಫಿಲ್‌ಗಳೇ ತುಂಬಿದ್ದವು. ಮತ್ತೆ ಎಂಡೋಸ್ಕೋಪಿ ಮಾಡಿ ಹಲವು ಕಡೆಯಿಂದ ಚೂರು ತೆಗೆದರು. ಈ ಕಾಯಿಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಇರುತ್ತದೆ, ಮೇಲ್ನೋಟಕ್ಕೆ ಕರುಳು ಚೆನ್ನಾಗಿಯೇ ಕಾಣಬಹುದು.

ಪ್ರೆಡ್ನಿಸೋಲೋನ್ ಶುರುವಾದ ಎರಡು ವಾರದಲ್ಲಿ ಹೊಟ್ಟೆ ಇಳಿಯಿತು. ಅದು ಸ್ಟೆರಾಯ್ಡ್. ಸಕ್ಕರೆ, ಬಿಪಿ, ಮೂಳೆ ಎಲ್ಲದರ ಮೇಲೂ ಕಣ್ಣಿಡಬೇಕು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು, ತಟ್ಟನೆ ಬಿಡಬಾರದು. ಡಯಟೀಷಿಯನ್ ಸಲಹೆಯಂತೆ ಹಾಲು, ಗೋಧಿ, ಮೊಟ್ಟೆ, ಸೋಯಾ, ಬೀಜಗಳು, ಮೀನು ಬಿಟ್ಟು, ಒಂದೊಂದಾಗಿ ಮತ್ತೆ ತಿಂದು ನೋಡಿದೆ. ಗೋಧಿ ಬಿಟ್ಟಳೆಂದು ಪಕ್ಕದ ಮನೆಯ ಆಂಟಿಗೆ ದಿಗಿಲು. ಮುದ್ದೆ ತಿಂದು ಬೆಳೆದವಳಿಗೆ ಅದೇನು ಕಷ್ಟ? ಮೊಸರನ್ನ ಬಿಟ್ಟಿದ್ದೇ ಸಂಕಟ.

ಇದು ಮರಳಿ ಬರಬಹುದಾದ ಕಾಯಿಲೆ. ಒಮ್ಮೆ ಬಂದೂ ಇತ್ತು, ರಕ್ತ ಪರೀಕ್ಷೆಯಲ್ಲೇ ಸಿಕ್ಕಿಬಿತ್ತು. ಕೆಲವರಿಗೆ ರಕ್ತದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ನೋವಿದ್ದು ಎಂಡೋಸ್ಕೋಪಿಗೆ ಹೋದರೆ, 'ಬಯಾಪ್ಸಿ ತೆಗೆಯುತ್ತೀರಾ ಡಾಕ್ಟರ್?' ಎಂದು ಮೊದಲೇ ಕೇಳಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಹೇಳಿ.